ಪಾಠದ ಮುಯ್ಯಾಳು: ನಾಲ್ಕಾರು ಮನೆಗಳು ಕೂಡಿ ಮಕ್ಕಳಿಗೆ ಕಲಿಸುವ ರೀತಿ



ನಮ್ಮ ವಾಚನಾಲಯದ ಬಾಗಿಲ ಹತ್ತಿರ ಇಟ್ಟಿರುವ ಪ್ರಶ್ನೆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಪ್ರಾವಿಡೆಂಟ್ ಫಂಡು, ರೇಶನ್ ಕಾರ್ಡು, ಊರಿಗೆ ಹೋಗುವ ಗಾಡಿಯ ವೇಳೆ, ಇಂಥ ವಿಷಯಗಳ ಚೀಟಿಗಳೇ ಬೀಳುತ್ತವೆ. ಈ ಸಲ ಬೇರೆ ತರದ ಒಂದು ಚೀಟಿ ಸಿಕ್ಕಿತು. ಬರೆದವರು ಬೀದರ ಕಡೆಯಿಂದ ಬಂದು ಭೋಸರಿಯ ಕಾರಖಾನೆಯೊಂದರಲ್ಲಿ ದುಡಿಯುವ ಕ್ರೈಸ್ತ ಗೃಹಸ್ಥರು. ಅವರ ಚರ್ಚಿಗೆ ಬರುವ ಇನ್ನೂ ಮೂರು ಕನ್ನಡ ಮನೆತನದವರೂ ಅವರೂ ಕೂಡಿ, ಬರುವ ಜೂನ್ ತಿಂಗಳಿನಿಂದ ಮಕ್ಕಳನ್ನು ಶಾಲೆ ಬಿಡಿಸಿ, ತಾಯಂದಿರು ಸರದಿಯ ಪ್ರಕಾರ ಮನೆಯಲ್ಲಿಯೇ ಪಾಠ ಹೇಳಬೇಕೆಂದು ಯೋಚಿಸಿದ್ದಾರೆ. ಅಮೇರಿಕೆಯಲ್ಲಿ ಕ್ರೈಸ್ತ ಕುಟುಂಬಗಳು ಹೀಗೆ ಮಾಡುತ್ತವೆಂದು ಯಾರೋ ಅವರಿಗೆ ಹೇಳಿದ್ದಾರೆ. ‘ಇದು ಕಾಯದೆಗೆ ವಿರುದ್ಧವೋ? ಮುಂದೆ ಮಕ್ಕಳು ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂಡ್ರಬಹುದೋ? ನಮ್ಮಂಥವರಿಂದ ಆಗುವ ಕೆಲಸವೋ?’ ಎಂದು ಮೂರು ಪ್ರಶ್ನೆ ಕೇಳಿದ್ದಾರೆ.

ಚೀಟಿಯ ಕೊನೆಗೆ ಅವರು ಬರೆದಿದ್ದ ಕಾರಣ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಊರಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದ ಹಿರಿಯ ಮಗಳನ್ನು ಇಲ್ಲಿ, ಮರಾಠಿ ಬಾರದೆಂಬ ಕಾರಣಕ್ಕೆ, ಎರಡು ಇಯತ್ತೆ ಕೆಳಗೆ ಕೂಡ್ರಿಸಿದರು. ತನಗಿಂತ ಚಿಕ್ಕವರ ನಡುವೆ ಕೂತ ಹುಡುಗಿ ಈಗ ಮನೆಯಲ್ಲಿಯೂ ಮಾತು ಕಡಿಮೆ ಮಾಡಿದ್ದಾಳೆ. ಮಕ್ಕಳಿಗೆ ಬೈಬಲ್ ಪಾಠವೂ ಆಗಬೇಕು, ಕನ್ನಡವೂ ಉಳಿಯಬೇಕು, ಲೆಕ್ಕವೂ ಬರಬೇಕು. ಶಾಲೆಯಲ್ಲಿ ಇವುಗಳಲ್ಲಿ ಒಂದೂ ಸರಿಯಾಗಿ ಆಗುತ್ತಿಲ್ಲ ಎಂಬುದು ಅವರ ಕೊರಗು.

ನಾವು ಶಿಕ್ಷಣ ಶಾಸ್ತ್ರ ಓದಿದವರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಮಸ್ಟರು ಬರೆಯುವವರು. ಆದರೂ ಇಂಥ ಪ್ರಶ್ನೆಗೆ ‘ನೋಡೋಣ’ ಎಂದು ಹೇಳಿ ಕಳಿಸುವುದು ಸರಿಯಲ್ಲವೆಂದು ಕಪಾಟಿನಲ್ಲಿದ್ದುದನ್ನೂ ಹೊರಗಿನಿಂದ ತಂದುದನ್ನೂ ಕೆಲವು ಸಂಜೆ ಕೂತು ಓದಿದೆವು. ಅದರಲ್ಲಿ ತಿಳಿದದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಈ ಪದ್ಧತಿ ಎಂಥದೆಂಬುದನ್ನು ನೋಡೋಣ. ಹೊಲದ ಕೆಲಸ ಕಂಡವರಿಗೆ ಇದನ್ನು ಒಂದೇ ಶಬ್ದದಲ್ಲಿ ಹೇಳಬಹುದು: ಮುಯ್ಯಾಳು. ಇಂದು ನಾಲ್ಕು ಮನೆಯವರು ನಮ್ಮ ಹೊಲಕ್ಕೆ ಬಂದು ಕಳೆ ತೆಗೆದರೆ, ನಾಳೆ ನಾವು ಅವರ ಹೊಲಕ್ಕೆ ಹೋಗುತ್ತೇವೆ. ಕೂಲಿಯ ಮಾತಿಲ್ಲ, ಆಳಿಗೆ ಆಳು ತೀರಿಸುವುದಷ್ಟೇ. ಹಾಗೆಯೇ ಒಬ್ಬ ತಾಯಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಇನ್ನೊಬ್ಬಳಿಗೆ ಹಾಡು ಬರುತ್ತದೆ, ಮೂರನೆಯವಳು ನಕಾಶೆ ತೋರಿಸಿ ಭೂಗೋಲ ಹೇಳಬಲ್ಲಳು. ವಾರಕ್ಕೆ ಒಂದು ದಿನ ಎಲ್ಲ ಮಕ್ಕಳೂ ಒಂದು ಕಡೆ ಸೇರುತ್ತಾರೆ, ಪ್ರತಿಯೊಬ್ಬಳೂ ತನಗೆ ಬರುವುದನ್ನು ಎಲ್ಲರ ಮಕ್ಕಳಿಗೂ ಕಲಿಸುತ್ತಾಳೆ. ಉಳಿದ ದಿನಗಳ ಓದು, ಬರಹ, ಮಗ್ಗಿ ಅವರವರ ಮನೆಯಲ್ಲಿಯೇ. ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಕೂಟವೇ ಶಾಲೆಯಲ್ಲ. ದಿನದ ದುಡಿತವೆಲ್ಲ ಮನೆಯದು. ಒಬ್ಬರಿಂದ ಆಗದ ಪಾಠಕ್ಕೂ, ಜೊತೆಯವರಿಲ್ಲದೆ ಆಗದ ನಾಟಕ, ಹಾಡು, ವಿಜ್ಞಾನದ ಪ್ರಯೋಗಗಳಿಗೂ ಮಾತ್ರ ಕೂಟ.

ಅಮೇರಿಕೆಯಲ್ಲಿ ಇದು ಬೆಳೆದ ಕಥೆ ದೊಡ್ಡದು, ನಾವು ಚಿಕ್ಕದಾಗಿ ಹೇಳುತ್ತೇವೆ. ಅಲ್ಲಿ 1852ರಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನ ಮೊದಲು ಕಡ್ಡಾಯ ಶಾಲೆಯ ಕಾಯದೆ ಮಾಡಿತು; 1918ರ ಹೊತ್ತಿಗೆ ಎಲ್ಲ ಸಂಸ್ಥಾನಗಳೂ ಮಾಡಿದವು. 1925ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಾಲಯ, ಮಕ್ಕಳನ್ನು ಸರಕಾರಿ ಶಾಲೆಗೇ ಕಳಿಸಬೇಕೆಂಬ ಬಲವಂತ ಸಲ್ಲದೆಂದು ತೀರ್ಪು ಕೊಟ್ಟಿತು. 1962 ಮತ್ತು 1963ರ ತೀರ್ಪುಗಳಿಂದ ಸರಕಾರಿ ಶಾಲೆಗಳಲ್ಲಿ ಶಾಲೆಯ ಕಡೆಯಿಂದ ನಡೆಸುವ ಪ್ರಾರ್ಥನೆಯೂ ಬೈಬಲ್ ವಾಚನವೂ ನಿಂತವು. ಅನೇಕ ಕ್ರೈಸ್ತ ಮನೆಗಳಿಗೆ ಇದು ಮನಸ್ಸಿಗೆ ಹತ್ತಿತು. 1970ರ ದಶಕದಲ್ಲಿ ಜಾನ್ ಹೋಲ್ಟ್ ಎಂಬ ಮಾಸ್ತರರು ಧರ್ಮದ ಮಾತಿಲ್ಲದೆಯೇ, ಮಗು ಮನೆಯಲ್ಲಿ ಚೆನ್ನಾಗಿ ಕಲಿಯುತ್ತದೆಂದು ಬರೆದರು; ರೇಮಂಡ್ ಮತ್ತು ಡೊರೊತಿ ಮೂರ್ ಎಂಬ ಕ್ರೈಸ್ತ ದಂಪತಿಗಳು ಚಿಕ್ಕ ಮಕ್ಕಳನ್ನು ಶಾಲೆಗೆ ಹಾಕಲು ಅವಸರ ಬೇಡವೆಂದರು. 1980ರ ದಶಕದಲ್ಲಿ ಕ್ರೈಸ್ತ ಕುಟುಂಬಗಳು ಗುಂಪುಗುಂಪಾಗಿ ಇದರಲ್ಲಿ ಇಳಿದವು. ಕೆಲವರ ಮೇಲೆ ಖಟ್ಲೆಗಳೂ ಆದವು. 1993ರ ಹೊತ್ತಿಗೆ 50 ಸಂಸ್ಥಾನಗಳಲ್ಲಿಯೂ ಇದು ಕಾಯದೆಬದ್ಧವಾಯಿತು. 2016ರ ಸರಕಾರಿ ಸಮೀಕ್ಷೆಯ ಪ್ರಕಾರ ಸುಮಾರು 17 ಲಕ್ಷ ಮಕ್ಕಳು, ಅಂದರೆ ನೂರಕ್ಕೆ 3ಕ್ಕಿಂತ ತುಸು ಹೆಚ್ಚು, ಮನೆಯಲ್ಲಿ ಕಲಿಯುತ್ತಿದ್ದರು. ಎಲ್ಲ ದೇಶಗಳೂ ಹೀಗೆ ಬಿಟ್ಟಿಲ್ಲ. ಜರ್ಮನಿಯಲ್ಲಿ ಮಗು ಶಾಲೆಗೇ ಹೋಗಬೇಕು. ಒಂದು ಕ್ರೈಸ್ತ ಕುಟುಂಬ ಒಯ್ದ ದೂರನ್ನು 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತಳ್ಳಿಹಾಕಿತು.

ಇನ್ನು ಕೂಟ ನಡೆಯುವ ರೀತಿ. ಇದನ್ನು ಓದುವಾಗ ನಮಗೆ ನಮ್ಮ ಗಿರಣಿಯೇ ಕಣ್ಣ ಮುಂದೆ ಬಂತು. ಸಾಮಾನ್ಯವಾಗಿ ಚರ್ಚಿನ ಸಭಾಗೃಹವನ್ನು ವಾರಕ್ಕೆ ಒಂದು ದಿನ ಕೇಳಿಕೊಳ್ಳುತ್ತಾರೆ. ತಾಯಿಯೋ ತಂದೆಯೋ ಮಗುವನ್ನು ಬಿಟ್ಟು ಹೋಗುವಂತಿಲ್ಲ, ದಿನವಿಡೀ ಅಲ್ಲಿಯೇ ಇರಬೇಕು, ಒಂದು ಕೆಲಸ ಹಿಡಿಯಲೇಬೇಕು. ಪಾಠ ಹೇಳಲು ಬಾರದವರು ಕೂಸುಗಳನ್ನು ನೋಡಿಕೊಳ್ಳುತ್ತಾರೆ, ಊಟ ಬಡಿಸುತ್ತಾರೆ, ಕಸ ಗುಡಿಸುತ್ತಾರೆ, ಲೆಕ್ಕದ ಪುಸ್ತಕ ಬರೆಯುತ್ತಾರೆ. ಪಗಾರ ಯಾರಿಗೂ ಇಲ್ಲ. ಸಾಮಾನು ಸರಂಜಾಮಿನ ಖರ್ಚನ್ನು ಹಂಚಿಕೊಳ್ಳುತ್ತಾರೆ. ಮಕ್ಕಳಿರುವ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕೆಂಬ ನಿಯಮವನ್ನು ಒಳ್ಳೆಯ ಕೂಟಗಳು ಬಿಡುವುದಿಲ್ಲ; ನಂಬಿಕೆ ಎಷ್ಟೇ ಇರಲಿ, ಇದು ಮಕ್ಕಳ ಕ್ಷೇಮದ ಮಾತು.

ಕೆಡುವುದು ಎಲ್ಲಿ? ಗಿರಣಿಯಲ್ಲಿ ಒಬ್ಬನು ಪಾಳಿಗೆ ಬಾರದಿದ್ದರೆ ಬದಲಿ ಕಾಮಗಾರನನ್ನು ಸಾಂಚದ ಮೇಲೆ ನಿಲ್ಲಿಸುತ್ತಾರೆ. ಕೂಟದಲ್ಲಿ ಲೆಕ್ಕದ ಅಕ್ಕನಿಗೆ ಜ್ವರ ಬಂದರೆ ಲೆಕ್ಕವೇ ನಿಲ್ಲುತ್ತದೆ. ಆದ್ದರಿಂದ ಪ್ರತಿ ಪಾಠಕ್ಕೂ ಒಬ್ಬ ಬದಲಿಯ ಹೆಸರು ಮೊದಲೇ ಬರೆದಿರಬೇಕು. ಎರಡನೆಯದು, ಭಿಶಿ ಹಾಕಿದವರಿಗೆಲ್ಲ ಗೊತ್ತಿರುವ ರೋಗ: ತಮ್ಮ ಪಾಳಿ ಬರುವವರೆಗೆ ಉತ್ಸಾಹ, ಆಮೇಲೆ ಕಂತಿಗೆ ಮುಖ ತಪ್ಪಿಸುವುದು. ಇಲ್ಲಿ ಹಣದ ಬದಲು ಶ್ರಮದ ಕಂತು. ಕೊಡದವರನ್ನು ಕೇಳುವುದು ಇನ್ನೂ ಕಷ್ಟ, ಏಕೆಂದರೆ ಭಾನುವಾರ ಅವರ ಪಕ್ಕದಲ್ಲಿಯೇ ಕೂತು ಹಾಡಬೇಕು. ಮೂರನೆಯದು, ಚೆನ್ನಾಗಿ ಕಲಿಸುವ ಒಬ್ಬಳ ತಲೆಯ ಮೇಲೆ ಎಲ್ಲವೂ ಬಂದು ಬೀಳುವುದು. ಎರಡು ವರ್ಷ ಎಳೆದು ಅವಳು ಬಿಟ್ಟಳೆಂದರೆ ಕೂಟ ಮುರಿಯಿತು. ಇವೆಲ್ಲಕ್ಕೂ ಔಷಧ ಒಂದು ಹಾಜರಿ ಪುಸ್ತಕ, ಅದೂ ಮಕ್ಕಳದಲ್ಲ, ದೊಡ್ಡವರದು. ಮಸ್ಟರು ಬರೆಯುವವರ ಹುಚ್ಚು ಎಂದು ಯಾರಾದರೂ ನಕ್ಕರೆ ನಗಲಿ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ‘ಪಾಲಕರು ಕಲಿಸುತ್ತಾರೆ’ ಎಂದು ಬರೆದಲ್ಲೆಲ್ಲ ಹೆಚ್ಚಾಗಿ ತಾಯಿ ಕಲಿಸುತ್ತಾಳೆ ಎಂದೇ ಓದಿಕೊಳ್ಳಬೇಕು. ತಂದೆ ದುಡಿಯಲು ಹೋಗಿರುತ್ತಾನೆ. ಒಬ್ಬರ ದುಡಿತದ ಮೇಲೆ ಮನೆ ನಡೆಯುವವರಿಗೆ ಇದು ಸಾಧ್ಯ. ನಮ್ಮ ವಾಚನಾಲಯಕ್ಕೆ ಬರುವವರ ಮನೆಗಳಲ್ಲಿ ಎಷ್ಟೋ ತಾಯಂದಿರು ಮುಂಜಾನೆ ನಾಲ್ಕು ಮನೆಯ ಅಡಿಗೆ ಮಾಡಿಯೋ ಪ್ಯಾಕಿಂಗ್ ಕೆಲಸಕ್ಕೆ ಹೋಗಿಯೋ ಪಗಾರ ತರುವವರೇ ಇದ್ದಾರೆ. ಆ ಪಗಾರ ನಿಂತರೆ ಮನೆಯ ಬಾಡಿಗೆ ಎಲ್ಲಿಂದ ಬರಬೇಕೆಂಬುದನ್ನು ಮೊದಲು ಗಂಡಸರು ಲೆಕ್ಕ ಹಾಕಿ, ಆಮೇಲೆ ಹೆಂಗಸರಿಗೆ ಪಾಠ ಹಂಚಬೇಕು.

ಇಷ್ಟೆಲ್ಲ ದೂರದ ಮಾತಾಯಿತು. ನಾವು ಊರಿಗೆ ಹೋಗುವ ಹಾದಿಯಲ್ಲಿಯೇ ಇದಕ್ಕೆ ಹತ್ತಿರದ ಒಂದು ಕಥೆ ಇದೆ. ಪುಣೆಯಿಂದ ಸೊಲ್ಲಾಪುರ, ಕಲಬುರ್ಗಿಯ ಕಡೆಗೆ ಗಾಡಿ ಹತ್ತಿದವರು ದೌಂಡ್ ಬರುವ ಮೊದಲು ಕೇಡಗಾಂವ ಎಂಬ ಚಿಕ್ಕ ಸ್ಟೇಶನ್ನನ್ನು ನೋಡಿರಬಹುದು. ಅಲ್ಲಿ ಮುಕ್ತಿ ಮಿಶನ್ನನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ ಹುಟ್ಟಿದವರು. ಅವರು ಶಾಲೆಗೆ ಹೋಗಿ ಕಲಿತವರಲ್ಲ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಂಗಳೂರು ಸೀಮೆಯವರು. ಓದಲೆಂದು ಪುಣೆಗೆ ಬಂದಾಗ ಅವರ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕೇಳಿ ಬೆರಗಾದ ಆ ತರುಣರು ತಮ್ಮ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲನೆಯ ಹೆಂಡತಿಗೆ ಕಲಿಸಲು ಮನೆಯ ಹಿರಿಯರು ಬಿಡಲಿಲ್ಲ. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಸುತ್ತಲಿನವರ ಮಾತು ತಾಳದೆ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಆ ಮನೆಯನ್ನೂ ಬಿಟ್ಟು, ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುವ ಬಾಳು ಅವರದಾಯಿತು. ಮಗಳಿಗೆ ಕಲಿಸುವ ಹೊತ್ತಿಗೆ ತಂದೆಗೆ ವಯಸ್ಸಾಗಿತ್ತು. ಆದ್ದರಿಂದ ಸುಮಾರು ಎಂಟನೆಯ ವರ್ಷದಿಂದ ಹದಿನೈದರವರೆಗೆ ತಾಯಿಯೇ ಪಾಠ ಹೇಳಿದಳು. ಗಂಡನು ಹೆಂಡತಿಗೆ, ಹೆಂಡತಿಯು ಮಗಳಿಗೆ, ಹಾದಿಯೇ ಶಾಲೆ. ಹಾಗೆ ಕಲಿತ ಹುಡುಗಿ 1878ರಲ್ಲಿ ಕಲಕತ್ತೆಗೆ ಹೋದಾಗ ಅಲ್ಲಿಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು.

ಇಲ್ಲಿಗೆ ನಿಲ್ಲಿಸಿದರೆ ಮನೆಪಾಠದ ಹೊಗಳಿಕೆ ಮಾತ್ರ ಆದೀತು. ನಡುವೆ ನಡೆದ ಸಂಗತಿಯೊಂದಿದೆ. 1870ರ ದಶಕದ ಬರಗಾಲದಲ್ಲಿ ಆ ಕುಟುಂಬ ಉಪವಾಸ ಬಿದ್ದಿತು. 1874ರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು, ಅಕ್ಕನೂ ಹೋದಳು. ತಮಗೆ ಪುರಾಣ ಬರುತ್ತಿತ್ತು, ಹೊಟ್ಟೆ ಹೊರೆಯುವ ಕೆಲಸ ಒಂದೂ ಬರುತ್ತಿರಲಿಲ್ಲ, ಕೂಲಿ ಮಾಡಲು ಅಭಿಮಾನ ಬಿಡುತ್ತಿರಲಿಲ್ಲ ಎಂದು ರಮಾಬಾಯಿಯವರು ಮುಂದೆ ತಾವೇ ನಿಷ್ಠುರವಾಗಿ ಬರೆದುಕೊಂಡಿದ್ದಾರೆ. ಸಾವಿರಾರು ಶ್ಲೋಕ ಬಾಯಿಪಾಠ ಮಾಡಿಸಿದ ಅದೇ ಮನೆ, ಹೊರಗಿನ ಲೋಕದಲ್ಲಿ ಬದುಕುವ ವಿದ್ಯೆಯನ್ನು ಕೊಟ್ಟಿರಲಿಲ್ಲ. ಮನೆಯವರಿಗೆ ಬೇಕಾದುದನ್ನು ಕಲಿಸಿದರು, ಮಗುವಿಗೆ ಬೇಕಾಗಬಹುದಾದುದು ಬಿಟ್ಟುಹೋಯಿತು. ಮನೆಪಾಠದ ಅಪಾಯ ಇದೇ ಎಂದು ನಮಗೆ ತೋರುತ್ತದೆ, ಅದು ಪುರಾಣವಿರಲಿ, ಬೈಬಲ್ ಇರಲಿ.

ಆ ಪಾಠವನ್ನು ರಮಾಬಾಯಿಯವರು ಮರೆಯಲಿಲ್ಲ. ಗಂಡ ತೀರಿಕೊಂಡ ಮೇಲೆ 1882ರಲ್ಲಿ ಪುಣೆಗೆ ಬಂದರು. 1883ರಲ್ಲಿ ಇಂಗ್ಲಂಡಿಗೆ ಹೋಗಿ ಅಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ಅಮೇರಿಕೆಯಲ್ಲಿ ಬಾಲವಾಡಿಯ ಶಿಕ್ಷಣ ಪದ್ಧತಿಯನ್ನು ಅಭ್ಯಾಸ ಮಾಡಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. 1896ರ ಬರಗಾಲ ಬಂದಾಗ ಮಧ್ಯ ಪ್ರಾಂತಗಳಿಗೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದು ಕೇಡಗಾಂವದಲ್ಲಿ ಇರಿಸಿದರು. ಅಷ್ಟು ಮಂದಿಗೆ ಕಲಿಸಲು ಮಾಸ್ತರರೆಲ್ಲಿ? ಶಾರದಾ ಸದನದಲ್ಲಿ ಮೊದಲು ಕಲಿತವರು ಆಮೇಲೆ ಬಂದವರಿಗೆ ಶಿಕ್ಷಕಿಯರಾದರು. ಮುಯ್ಯಾಳಿನ ಲೆಕ್ಕವೇ ಇದು, ತೀರಿಸಿದ್ದು ಮಾತ್ರ ಬೇರೆಯವರಿಗೆ. ಓದಿನ ಜೊತೆಗೆ ಅಲ್ಲಿ ನೇಯ್ಗೆ, ಹೊಲಗೆಲಸ, ಅಚ್ಚುಕೂಟದ ಕೆಲಸ ಎಲ್ಲವೂ ಇತ್ತು; ಹೆಂಗಸರೇ ಮೊಳೆ ಜೋಡಿಸಿ ಪುಸ್ತಕ ಅಚ್ಚು ಮಾಡುತ್ತಿದ್ದರು. ರಮಾಬಾಯಿಯವರ ಮಗಳು ಮನೋರಮಾ ಅವರು 1910ರ ದಶಕದಲ್ಲಿ ಕಲಬುರ್ಗಿಯಲ್ಲಿ, ಅಂದರೆ ನಮ್ಮ ಚೀಟಿಯ ಗೃಹಸ್ಥರ ಸೀಮೆಯಲ್ಲಿ, ಹುಡುಗಿಯರಿಗೆ ಶಾಲೆ ತೆರೆದರು. ಮಗಳು 1921ರಲ್ಲಿ, ತಾಯಿ 1922ರಲ್ಲಿ ತೀರಿಕೊಂಡರು. ಮುಕ್ತಿ ಮಿಶನ್ ಇಂದಿಗೂ ನಡೆಯುತ್ತಿದೆ.

ಇನ್ನು ಕಾಯದೆ. 2009ರಲ್ಲಿ ಪಾಸಾಗಿ 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅದರ 10ನೆಯ ಕಲಮಿನಲ್ಲಿ, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳಿದೆ. ಸೇರಿಸದ ಪಾಲಕರಿಗೆ ದಂಡವೆಂದು ಆ ಕಾಯದೆ ಹೇಳಿಲ್ಲ. ಮನೆಯಲ್ಲಿ ಕಲಿಸುವುದರ ಪ್ರಸ್ತಾಪವೇ ಅದರಲ್ಲಿಲ್ಲ. ಪುಣೆಯಲ್ಲಿಯೂ ಬೇರೆ ಊರುಗಳಲ್ಲಿಯೂ ಮಕ್ಕಳಿಗೆ ಮನೆಯಲ್ಲಿಯೇ ಕಲಿಸುವ ಕುಟುಂಬಗಳು ಇರುವುದು ಹೀಗೆ. ಆದರೆ ನಾಲ್ಕು ಮನೆಯವರು ಕೂಡುವಾಗ ನೋಡಬೇಕಾದ್ದು 18ನೆಯ ಕಲಮು. ಮನ್ನಣೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ತಮ್ಮ ಮಕ್ಕಳು ವಾರಕ್ಕೊಮ್ಮೆ ಕೂಡಿ ಕಲಿಯುವುದು ಬೇರೆ. ದಿನವೂ ಗಂಟೆ ಬಾರಿಸಿ, ಪಕ್ಕದ ಓಣಿಯ ಮಕ್ಕಳನ್ನೂ ಫೀ ತೆಗೆದುಕೊಂಡು ಸೇರಿಸಿ, ಬೋರ್ಡು ಹಾಕುವುದು ಬೇರೆ. ಈ ಗೆರೆಯನ್ನು ದಾಟಬಾರದು.

ಪರೀಕ್ಷೆಗೆ ಹಾದಿಯಿದೆ. ರಾಷ್ಟ್ರೀಯ ಮುಕ್ತ ಶಾಲೆ ಸಂಸ್ಥೆಯ ಮೂಲಕ, 14 ವರ್ಷ ತುಂಬಿದ ಮೇಲೆ, ಹತ್ತನೆಯ ಇಯತ್ತೆಗೆ ಸಮಾನವಾದ ಪರೀಕ್ಷೆಗೆ ಕೂಡ್ರಬಹುದು. ಅದರ ಭಾಷಾ ವಿಷಯಗಳಲ್ಲಿ ಕನ್ನಡವೂ ಇದೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಹೊರಗಿನ ವಿದ್ಯಾರ್ಥಿಗಳಿಗಾಗಿ ‘17 ನಂಬರ್ ಫಾರ್ಮ್’ ಇದೆ. ಇಲ್ಲಿ ಬಹಳ ವರ್ಷ ಇದ್ದವರಿಗೆ ಈ ಹೆಸರು ಗೊತ್ತು. ಆದರೆ ಶಾಲೆ ಬಿಡಿಸಿದರೆ ಮಧ್ಯಾಹ್ನದ ಊಟ, ಪುಕ್ಕಟೆ ಪುಸ್ತಕ, ಶಿಷ್ಯವೃತ್ತಿ ಹೋಗುತ್ತವೆ. ಜಾತಿ ಪ್ರಮಾಣಪತ್ರದಂಥ ಕೆಲಸಗಳಿಗೆ ಕಚೇರಿಗಳಲ್ಲಿ ಕೇಳುವ ಶಾಲೆಯ ದಾಖಲಾ ಕೈಯಲ್ಲಿರುವುದಿಲ್ಲ. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ಕಾಗದದ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ನಮ್ಮನ್ನು ಎದ್ದು ಕೂಡ್ರಿಸಿದ್ದು 4ನೆಯ ಕಲಮು. ಶಾಲೆಗೆ ತಡವಾಗಿ ಸೇರುವ ಮಗುವನ್ನೂ ಅದರ ವಯಸ್ಸಿಗೆ ತಕ್ಕ ಇಯತ್ತೆಗೇ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ಪಾಠ ಪಡೆಯುವುದು ಆ ಮಗುವಿನ ಹಕ್ಕು ಎಂದು ಅದರಲ್ಲಿದೆ. ಶಾಲೆಯನ್ನೇ ಕಾಣದ ಮಗುವಿಗೆ ಈ ಹಕ್ಕಿರುವಾಗ, ನಾಲ್ಕು ಇಯತ್ತೆ ಕಲಿತ ಹುಡುಗಿಯನ್ನು ಭಾಷೆಯ ಕಾರಣಕ್ಕೆ ಎರಡು ಇಯತ್ತೆ ಕೆಳಗೆ ಹಾಕಿದ್ದು ಹೇಗೆ? ಇದನ್ನು ಕೇಳಲೇಬೇಕಾಗಿತ್ತು. ಯಾರೂ ಕೇಳಿರಲಿಲ್ಲ.

ಕಳೆದ ಭಾನುವಾರ ಆ ಗೃಹಸ್ಥರನ್ನು ಕರೆಸಿ ಇದನ್ನೆಲ್ಲ ಓದಿ ಹೇಳಿದೆವು. ಅವರ ಮನೆಯವರೂ ಬಂದಿದ್ದರು. ಬಹಳ ಹೊತ್ತು ಸುಮ್ಮನೆ ಕೇಳಿದ ಆ ತಾಯಿ ಕೊನೆಗೆ, “ಅಣ್ಣಾರ, ನಾ ಏಳನೇತ್ತಾ ತನಕ ಕಲತಾಕಿ. ಇವರು ನನಗ ವಿಜ್ಞಾನ ಹೇಳು ಅಂತಾರ. ಮೊದಲ ನನಗ ಯಾರ ಹೇಳಿಕೊಡ್ತಾರ್ರೀ?” ಎಂದರು. ಗಂಡ ತಲೆ ತಗ್ಗಿಸಿದರು. ನಾವು ಲಕ್ಷ್ಮೀಬಾಯಿಯ ಮಾತು ತೆಗೆದೆವು. ಆಕೆ ಮಗಳಿಗೆ ಕಲಿಸುವುದಕ್ಕಿಂತ ವರ್ಷಗಟ್ಟಲೆ ಮೊದಲು ತಾನು ಕೂತು ಕಲಿತವಳು, ಕಲಿಸಲು ಗಂಡ ಸಮಯ ಕೊಟ್ಟಿದ್ದ. “ಹಂಗಾದ್ರ ಇವರೂ ಕೂಡಲಿ” ಎಂದು ಆ ತಾಯಿ ನಕ್ಕರು.

ಇಂಗ್ಲಂಡಿನ ಗ್ಲಾಸ್ಟರ್ ಊರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವರು ಭಾನುವಾರದ ಶಾಲೆ ತೆರೆದ ಸಂಗತಿಯನ್ನೂ ಹೇಳಿದೆವು. ವಾರದ ಆರು ದಿನ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲು ಹುಟ್ಟಿದ್ದು ಅದು. ಬೈಬಲ್ಲೇ ಓದಿನ ಪುಸ್ತಕ. ಇಂದು ಚರ್ಚುಗಳಲ್ಲಿ ನಡೆಯುವ ಸಂಡೇ ಸ್ಕೂಲಿನ ಬೇರು ಅಲ್ಲಿಯದು. ಇದ್ದ ಶಾಲೆಯನ್ನು ಬಿಡಿಸದೆ ಮನೆಗಳು ಕೂಡಿ ಕಲಿಸಲು ಆಗುವುದಿಲ್ಲವೇ ಎಂಬುದು ನಮ್ಮ ಪ್ರಶ್ನೆಯಾಗಿತ್ತು.

ಸದ್ಯಕ್ಕೆ ಅವರು ಮಾಡಿದ ನಿರ್ಧಾರ ಇದು. ಹುಡುಗಿಯ ಊರಿನ ದಾಖಲಾ ಮತ್ತು 4ನೆಯ ಕಲಮಿನ ಪ್ರತಿ ಸೇರಿಸಿ, ವಯಸ್ಸಿಗೆ ತಕ್ಕ ಇಯತ್ತೆಗೆ ಹಾಕಬೇಕೆಂದು ಶಾಲೆಗೆ ಅರ್ಜಿ ಕೊಡುವುದು. ಅರ್ಜಿಯನ್ನು ಮರಾಠಿಯಲ್ಲಿ ನಾವು ಬರೆದುಕೊಟ್ಟಿದ್ದೇವೆ. ಜೂನ್ ಒಳಗೆ ಉತ್ತರ ಬಾರದಿದ್ದರೆ ಮುಂದೇನೆಂದು ನಾಲ್ಕೂ ಮನೆಯವರು ಮತ್ತೆ ಕೂಡಿ ಯೋಚಿಸುವರು. ಮನೆಪಾಠದ ಆಸೆಯನ್ನು ಅವರು ಬಿಟ್ಟಿಲ್ಲ, ಬಿಡಿರೆಂದು ನಾವೂ ಹೇಳಿಲ್ಲ. ಅಲ್ಲಿಯವರೆಗೆ ಭಾನುವಾರ ಮಧ್ಯಾಹ್ನ ನಾಲ್ಕರಿಂದ ಆರರವರೆಗೆ ಏಳು ಮಕ್ಕಳಿಗೆ ಕನ್ನಡ ಒಬ್ಬ ತಾಯಿ, ಲೆಕ್ಕ ಒಬ್ಬ ತಂದೆ, ಮರಾಠಿ ಇನ್ನೊಬ್ಬ ತಾಯಿ ಹೇಳಿಕೊಡುವರು. ಬೈಬಲ್ ಪಾಠ ಚರ್ಚಿನಲ್ಲಿಯೇ ಆಗುವುದು. ವಿಜ್ಞಾನಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಜಾತಿ ಮತ ನೋಡದೆ ಯಾರು ಬಂದು ಹೇಳಿಕೊಟ್ಟರೂ ಆದೀತೆಂದು ಅವರು ತಿಳಿಸಿದ್ದಾರೆ. ಹತ್ತನೆಯ ಇಯತ್ತೆಯವರೆಗಿನ ವಿಜ್ಞಾನ ಬರುವ ವಾಚಕರು ಇದ್ದರೆ ವಾಚನಾಲಯದ ಪುಸ್ತಕದಲ್ಲಿ ತಮ್ಮ ಹೆಸರನ್ನೂ ಪಾಳಿಯ ವೇಳೆಯನ್ನೂ ಬರೆದು ಹೋಗಬೇಕು. ಬದಲಿಯಾಗಿ ಬರುವವರೂ ಬರೆಯಬಹುದು.